ಮಾಳವ್ವನ ಕೈ, ಪಂಡಿತರ ಪುಡಿ

ತುಂಬಾ ಹಿಂದಿನ ಮಾತು ಕಣ್ರಪ್ಪ, ನಮ್ಮಜ್ಜಿಯ ಅಜ್ಜಿಗೂ ಹಿಂದಿನದು. ಕಂಬಳಿ ನೇಯುವವರ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬಳಿದ್ದಳಂತೆ. ಕೂಸು ಬಾಣಂತಿಯರಿಗೆ ಹರಳೆಣ್ಣೆ ತಿಕ್ಕಿ ನೀರು ಹಾಕುವವಳು. ಅವಳ ಕೈ ಬಿದ್ದರೆ ಅಳುವ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತಂತೆ. ಅವಳ ಎಣ್ಣೆ ಗಿಂಡಿ ಬತ್ತುತ್ತಲೇ ಇರಲಿಲ್ಲ ಅಂತಲೂ ಅಂತಾರೆ. ಅದು ಸುಳ್ಳು ಬಿಡಿ, ಜನ ಕಡ್ಡೀನ ಗುಡ್ಡ ಮಾಡ್ತಾರೆ. ಆದರೆ ಕೈ ಮಾತ್ರ ನಿಜ.

ಮಂಕು ಬಡಿದವರನ್ನೂ ಅವಳ ಹತ್ತಿರ ಕರೆತರುತ್ತಿದ್ದರಂತೆ. ಮಂಕು ಅಂದರೆ ಗೊತ್ತಲ್ಲ, ಉಣ್ಣೋದು ಬೇಡ, ಮಾತು ಬೇಡ, ಬೆಳಗಾಗೋದೂ ಬೇಡ. ಮಾಳವ್ವ ಅವರ ನೆತ್ತಿಗೆ, ಅಂಗಾಲಿಗೆ ಎಣ್ಣೆ ತಿಕ್ಕಿ, ಎಳೆಬಿಸಿಲಲ್ಲಿ ಕೂರಿಸಿ, ಮಡಿಲಿಗೆ ಒಂದು ಹಿಡಿ ಉಣ್ಣೆ ಹಾಕಿ ಹಿಂಜಲು ಹೇಳುತ್ತಿದ್ದಳು. ಯಾಕೆ ಹೀಗಾದೆ ಅಂತ ಕೇಳುತ್ತಿರಲಿಲ್ಲ. ತಾನೂ ಪಕ್ಕದಲ್ಲಿ ಹಿಂಜುತ್ತ ಕೂರುತ್ತಿದ್ದಳು.

ಆ ಹಟ್ಟಿಗೆ ಬೋರಕ್ಕ ಅಂತ ಒಬ್ಬ ಸೊಸೆ ಬಂದಳು. ಚೊಚ್ಚಲ ಹೆರಿಗೆ ಆದಮೇಲೆ ಅವಳಿಗೆ ಮಂಕು ಬಡಿಯಿತು. ಕೂಸು ಅತ್ತರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳಂತೆ. ಗಂಡ ಚಿಕ್ಕೀರ ಹೊಳೆ ದಾಟಿ ಹೋಗಿ ಪಂಡಿತರನ್ನು ಕರೆತಂದ. ಪಂಡಿತರು ನಾಡಿ ಹಿಡಿದು ನೋಡಿ, ಮೂರು ತಿಂಗಳಿಗಾಗುವಷ್ಟು ಪುಡಿ ಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಿ ಅಂದರು. ಮಾಳವ್ವನ ಎಣ್ಣೆಯೂ ಜೊತೆಗಿರಲಿ, ಒಳ್ಳೆಯದೇ ಅಂದರು.

ಹಾಗೇ ನಡೆಯಿತು. ಬೆಳಿಗ್ಗೆ ಪುಡಿ, ಆಮೇಲೆ ಎಣ್ಣೆ, ಬಿಸಿಲು, ಉಣ್ಣೆ. ತಿಂಗಳು ಕಳೆಯುವಷ್ಟರಲ್ಲಿ ಬೋರಕ್ಕ ಗಂಜಿ ಕೇಳಿ ಕುಡಿದಳು. ಕೂಸನ್ನು ತಾನೇ ಎತ್ತಿಕೊಂಡಳು. ಹಟ್ಟಿಗೆ ಹಟ್ಟಿಯೇ ನೋಡಲು ಬಂತಂತೆ. ಎಲ್ಲರ ಬಾಯಲ್ಲೂ ಮಾಳವ್ವನ ಕೈಯ ಮಾತೇ. ಪುಡಿಯ ಮಾತು ಯಾರೂ ಎತ್ತಲಿಲ್ಲ.

ಬೋರಕ್ಕನ ಅತ್ತೆ ಬಂದು, "ನಿನ್ನ ಕೈ ಇರೋವಾಗ ಆ ಕಹಿ ಪುಡಿ ಇನ್ಯಾಕವ್ವ? ನಿಲ್ಲಿಸಿಬಿಡ್ಲಾ?" ಅಂತ ಕೇಳಿದಳಂತೆ. ನಿಲ್ಲಿಸಬೇಡ ಅನ್ನಬೇಕಿತ್ತು ಮಾಳವ್ವ. ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಸುಮ್ಮನೆ ನಕ್ಕಳಂತೆ. ಆ ನಗುವನ್ನೇ ಹೂಂ ಅಂದುಕೊಂಡು ಅತ್ತೆ ಪುಡಿಯನ್ನೆಲ್ಲ ತಿಪ್ಪೆಗೆ ಸುರಿದಳು.

ಮಂಕು ತಿರುಗಿ ಬಂತು. ಮಾಳವ್ವ ದಿನಕ್ಕೆ ಎರಡು ಸಲ ತಿಕ್ಕಿದಳು, ಮೂರು ಸಲ ತಿಕ್ಕಿದಳು. ಕೈ ಅದೇ, ಎಣ್ಣೆ ಅದೇ. ಬೋರಕ್ಕನ ಮಡಿಲಲ್ಲಿ ಉಣ್ಣೆ ಹಾಗೇ ಬಿದ್ದಿರುತ್ತಿತ್ತಂತೆ. ಚಿಕ್ಕೀರ ಪಂಡಿತರನ್ನು ಕರೆಯಲು ಮತ್ತೆ ಹೊಳೆ ದಾಟಿದ. ಅವನು ತಿರುಗಿ ಬರುವಷ್ಟರಲ್ಲಿ ಬೋರಕ್ಕ ಇರಲಿಲ್ಲ. ಹೇಗೆ ಹೋದಳು ಅಂತ ನಮ್ಮ ಹಿರಿಯರು ಹೇಳುತ್ತಿರಲಿಲ್ಲ, ನಾನೂ ಹೇಳಲ್ಲ.

ಮಾಳವ್ವನನ್ನು ಯಾರೂ ಬೈಯಲಿಲ್ಲವಂತೆ. ಅದೇ ಅವಳನ್ನು ತಿಂದಿತು. ಒಂದು ವರ್ಷ ಗಿಂಡಿ ಮುಟ್ಟಲಿಲ್ಲ. ಮತ್ತೆ ಮುಟ್ಟಿದ್ದು, ಇನ್ನೊಂದು ಮನೆಯ ಮಗಳಿಗೆ ಮಂಕು ಬಡಿದು ಅವಳ ತಾಯಿ ಬಂದು ಬಾಗಿಲಲ್ಲಿ ಕೂತಾಗ. ಅವತ್ತು ಮಾಳವ್ವ, "ಮೊದಲು ಪಂಡಿತರ ಪುಡಿ ನನ್ನ ಕಣ್ಣೆದುರಿಗೇ ಕುಡಿಸವ್ವ, ಆಮ್ಯಾಲೆ ನನ್ನ ಕೈ" ಅಂದಳಂತೆ. ಸಾಯುವವರೆಗೂ ಹಾಗೇ ನಡೆಸಿದಳು. ಎಷ್ಟೋ ಜನ ಎದ್ದು ಓಡಾಡಿದರು. ಅವಳು ನಕ್ಕಿದ್ದನ್ನು ಮಾತ್ರ ಮತ್ತೆ ಯಾರೂ ಕಾಣಲಿಲ್ಲವಂತೆ.

ಇವತ್ತಿಗೂ ಆ ಹಟ್ಟಿಯಲ್ಲಿ ಮಂಕು ಬಡಿದವರ ನೆತ್ತಿಗೆ ಎಣ್ಣೆ ಇಡೋ ಮೊದಲು, ಔಷಧಿ ಆಯ್ತಾ ಅಂತ ಕೇಳ್ತಾರೆ. ಆಯ್ತು ಅಂದಮೇಲೇ ಕೈ ಇಡೋದು. ಎಣ್ಣೆಯ ಮೊದಲ ತೊಟ್ಟನ್ನು ನೆಲಕ್ಕೆ ಬಿಡ್ತಾರೆ. ಮಾಳವ್ವನಿಗೆ ಅಂದುಕೊಂಡಿರಾ? ನನ್ನ ಹೆಸರು ಎತ್ತಬೇಡಿ ಅಂತ ಅವಳೇ ಹೇಳಿ ಹೋದಳಂತೆ. ಆ ತೊಟ್ಟು ಬೋರಕ್ಕನದು.