ಮನೆಗೊಂದು ಹಿಡಿ ನಾರು

ಹೊಳೆಯ ದಂಡೆಯ ಮೇಲೊಂದು ತೋಪು. ಅದು ಊರಿಗೆಲ್ಲ ಸೇರಿದ್ದು, ಯಾರೊಬ್ಬರದೂ ಅಲ್ಲ. ಬೆಳಿಗ್ಗೆ ಅಲ್ಲಿ ಪೈಲ್ವಾನರು ಕುಸ್ತಿ ಆಡುತ್ತಾರೆ, ಮಧ್ಯಾಹ್ನ ಮುದುಕರು ನೆರಳಿಗೆ ಅಡ್ಡಾಗುತ್ತಾರೆ, ಸಂಜೆ ಮಕ್ಕಳು ಚಿನ್ನಿದಾಂಡು ಆಡುತ್ತ ಆ ಮುದುಕರ ನಿದ್ದೆ ಕೆಡಿಸುತ್ತಾರೆ.

ತೋಪು ಕಾಯುತ್ತಿದ್ದವರು ಫಕೀರಜ್ಜ. ಕಾಯುವುದನ್ನು ಕಲಿಸುತ್ತಿದ್ದವರೂ ಅವರೇ. ಸುತ್ತಲಿನ ಊರುಗಳಿಗೆ ತಮ್ಮ ತೋಪು ನೋಡಿಕೊಳ್ಳುವವರು ಬೇಕಾದರೆ ಒಬ್ಬ ತರುಣನನ್ನು ಅಜ್ಜನ ಬಳಿ ಕಳಿಸುತ್ತಿದ್ದವು. ಕಲಿಕೆ ಮುಗಿಯಿತು ಎಂದು ಅಜ್ಜನಿಗೆ ಅನ್ನಿಸಿದ ದಿನ ಅವನ ಕೈಗೆ ಒಂದು ಕುಡುಗೋಲು ಬರುತ್ತಿತ್ತು. ಅದೇ ಪದವಿ. ಅದಿಲ್ಲದೆ ಯಾವ ಊರೂ ಅವನನ್ನು ತೋಪಿಗೆ ಸೇರಿಸುತ್ತಿರಲಿಲ್ಲ.

ನಿಜಗುಣ ಅಂಥ ಒಬ್ಬ ಶಿಷ್ಯ. ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಬಿಡಬೇಕು, ಕುಸ್ತಿಯ ಮಣ್ಣನ್ನು ಹೇಗೆ ಹದ ಮಾಡಬೇಕು, ಎಲ್ಲ ಕಲಿತಿದ್ದ. ಹೊಳೆಯಾಚೆಯ ಊರಿನವರು ಅವನ ದಾರಿ ಕಾಯುತ್ತಿದ್ದರು. ನಾಗರಪಂಚಮಿ ಮುಗಿದರೆ ಕುಡುಗೋಲು ಸಿಗುವ ಮಾತಿತ್ತು.

ಉಳಿದದ್ದು ಒಂದೇ ಕೆಲಸ. ಪಂಚಮಿಯ ಜೋಕಾಲಿಗೆ ಹಗ್ಗ ಕೂಡಿಸುವುದು.

ಆ ತೋಪಿನಲ್ಲಿ ಜೋಕಾಲಿಯ ಹಗ್ಗ ಕೊಳ್ಳುವ ಪದ್ಧತಿ ಇರಲಿಲ್ಲ. ಮನೆಗೊಂದು ಹಿಡಿ ಪುಂಡಿ ಗಿಡದ ನಾರು ಬೇಡಿ ತಂದು ಮರದ ಕೆಳಗೇ ಹೊಸೆಯಬೇಕು. ಕಟ್ಟಿದ ಮೇಲೆ ತೋಪು ಕಾಯುವವನು ಮೊದಲು ಹತ್ತಿ ಜೀಕಬೇಕು. ಹೆಣ್ಣುಮಕ್ಕಳ ಸರದಿ ಆಮೇಲೆ.

ಜೋಕಾಲಿ ಕಟ್ಟುವ ಹುಣಸೆ ಮರ ದಂಡೆಯ ಅಂಚಿನಲ್ಲಿತ್ತು. ಜೋರಾಗಿ ಜೀಕಿದರೆ ಕೂರುವ ಮಣೆ ಹೊಳೆಯ ಮೇಲಕ್ಕೆ ಹೋಗಿ ಬರುತ್ತಿತ್ತು. ಕೆಳಗೆ ನೀರಿಗಿಂತ ಬಂಡೆಗಳೇ ಹೆಚ್ಚು.

ನಿಜಗುಣ ಬುಟ್ಟಿ ಹಿಡಿದು ಹೊರಟ. ಮೊದಲ ಮನೆ ಕಾಳವ್ವನದು.

"ಪಂಚಮಿಗೆ ನಾರು ಕೊಡ್ರಿ ಎವ್ವಾ."

"ನಾರು ಕೇಳಾಕ ಬಾಯಿ ಐತಿ," ಎಂದಳು ಕಾಳವ್ವ. "ಹೋದ ವರ್ಷ ಜೋಕಾಲಿ ಕೆಳಗಿನ ಕಲ್ಲು ಆರಿಸಾಕ ಕೈ ಇರಲಿಲ್ಲೇನು? ನನ್ನ ಮಗಳು ಇಳಿಯೂ ಮುಂದ ಎಡವಿ ಬಿದ್ದು ಮೊಣಕಾಲು ಒಡಕೊಂಡ್ಲು. ಹಬ್ಬಕ್ಕ ಬಂದಾಕಿ ಕುಂಟಿಕೋತ ಗಂಡನ ಮನಿಗೆ ಹೋದ್ಲು."

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಒಬ್ಬಳು ತೋಪಿನೊಳಗೆ ದನ ನುಗ್ಗುವ ಮಾತು ತೆಗೆದಳು, ಇನ್ನೊಬ್ಬಳು ಮುಳ್ಳಿನ ಮಾತು. ನಿಜಗುಣನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮರ ಹತ್ತುವುದಕ್ಕೆ ಅವನು ಹೆದರಿದವನಲ್ಲ. ಬೇಡುವುದಕ್ಕೆ ಹೆದರಿದ. ಖಾಲಿ ಬುಟ್ಟಿ ಹಿಡಿದು ತಿರುಗಿ ಹೊರಟ.

ಊರ ಅಗಸೆ ಬಾಗಿಲಲ್ಲಿ ಬಸಲಿಂಗಪ್ಪ ದೇಸಾಯರು ಎದುರಾದರು. ಊರಿನಲ್ಲಿ ದೊಡ್ಡ ವಾಡೆ ಇದ್ದವರು, ಕೈಯೂ ದೊಡ್ಡದು.

"ಒಂದು ಹಿಡಿ ನಾರಿಗೆ ಮನಿ ಮನಿ ಬೈಸಿಕೋತ ತಿರಗತೀ ಏನೋ? ನಮ್ಮ ಉಗ್ರಾಣದಾಗ ಹೊಸ ಹಗ್ಗ ಐತಿ. ಕೈತುಂಬ ದಪ್ಪ. ಒಯ್ಯಿ."

ನಿಜಗುಣನಿಗೆ ದೇವರೇ ಎದುರು ಬಂದಂತಾಯಿತು.

"ಒಂದ ಮಾತು," ಎಂದರು ದೇಸಾಯರು. "ಮೊದಲು ನಮ್ಮ ಮೊಮ್ಮಗಳು ಶಾಂಭವಿ ಕುಂದರಬೇಕು. ಹಗ್ಗ ನಮ್ಮದು, ಅಲ್ಲೇನು?"

"ಆಗಲಿ ಬಿಡ್ರಿ," ಎಂದ ನಿಜಗುಣ. ಇಷ್ಟು ಸುಲಭವಾಗಿ ಅವನು ಹಿಂದೆ ಯಾವುದಕ್ಕೂ ಒಪ್ಪಿದ್ದಿಲ್ಲ.

ಹಗ್ಗ ಹೊತ್ತು ತಂದು ಅಜ್ಜನ ಮುಂದೆ ಇಳಿಸಿದ. ಎಣ್ಣೆ ಸವರಿದ ಹಗ್ಗ, ಬಿಸಿಲಿಗೆ ಮಿರಮಿರ ಮಿಂಚಿತು.

ಅಜ್ಜ ಹಗ್ಗ ನೋಡಿದರು, ಬುಟ್ಟಿ ನೋಡಿದರು.

"ಹಗ್ಗ ಬಂತು. ಊರು ಎಲ್ಲಿ ಐತಿ?"

"ಊರಿಗೆ ತ್ರಾಸ ತಪ್ಪಿಸೀನ್ರಿ ಅಜ್ಜಾರ. ದೇಸಾಯರು ಒಬ್ಬರ ಕೊಟ್ಟಾರ."

"ಇದರ ಹೊಟ್ಟಿ ನೋಡಿಯೇನು?"

ಹಗ್ಗದ ಹೊಟ್ಟೆ ನೋಡುವುದೆಂದರೆ ಗೇಣಿಗೊಂದು ಕಡೆ ಹುರಿ ಬಿಚ್ಚಿ, ಒಳಗಿನ ನಾರನ್ನು ಉಗುರಿನಿಂದ ಎಳೆದು ಮೂಸುವುದು. ಹೊರಗೆ ಹೊಳೆಯುವ ಹಗ್ಗ ಒಳಗೆ ಮುಗ್ಗಿ ಪುಡಿಯಾಗಿರಬಹುದು. ತೋಪಿಗೆ ಬಂದ ಶಿಷ್ಯರಿಗೆ ಅಜ್ಜ ಕಲಿಸುತ್ತಿದ್ದ ಮೊದಲ ಪಾಠವೇ ಅದು.

ನಿಜಗುಣ ನೋಡಿರಲಿಲ್ಲ. ನೋಡಬೇಕೆಂದು ಮನಸ್ಸಿಗೆ ಬಂದದ್ದು ನಿಜ. ಆದರೆ ದೇಸಾಯರ ಎದುರಿಗೇ ಹುರಿ ಬಿಚ್ಚಿ ಮೂಸುವುದೆಂದರೆ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಹೊಸ ಹಗ್ಗ ಎಂದು ಅವರೇ ಹೇಳಿದ್ದಾರೆ. ಅಂಥವರ ಮನೆಯ ಹಗ್ಗ ಕೆಟ್ಟಿರುತ್ತದೆಯೇ? ನಮಗೆ ಬೇಡವಾದ ಕೆಲಸ ಇದ್ದಾಗ ಇಂಥ ಮರ್ಯಾದೆಯ ಮಾತುಗಳು ಸಾಲಾಗಿ ನೆನಪಾಗುತ್ತವೆ.

"ನೋಡೀನ್ರಿ," ಎಂದುಬಿಟ್ಟ.

"ಹಂಗಾರ ಕಟ್ಟು," ಎಂದರು ಅಜ್ಜ.

ಪಂಚಮಿಯ ಮುಂಜಾನೆ ಹುತ್ತಕ್ಕೆ ಹಾಲೆರೆದು ಊರಿಗೆ ಊರೇ ತೋಪಿಗೆ ಬಂತು. ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು, ಉಡಿಯಲ್ಲಿ ಎಳ್ಳುಂಡಿ ಕಟ್ಟಿಕೊಂಡು ಹುಣಸೆಯ ಸುತ್ತ ನಿಂತರು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಬಂಡೆಗಳ ನೆತ್ತಿ ಮಾತ್ರ ಕಾಣುತ್ತಿತ್ತು.

ದೇಸಾಯರು ಶಾಂಭವಿಯನ್ನು ಎತ್ತಿ ಮಣೆಯ ಮೇಲೆ ಕೂಡಿಸಿದರು. ಆರೇಳು ವರ್ಷದ ಕೂಸು. ಎರಡೂ ಕೈಯಿಂದ ಹಗ್ಗ ಹಿಡಿದು ನಗುತ್ತಿತ್ತು. ಆ ಹಗ್ಗ ಅದರ ಹಿಡಿಯಲ್ಲಿ ಹಿಡಿಸುತ್ತಿರಲಿಲ್ಲ.

"ಕಾಯಾವ ಮೊದಲು ಹತ್ತೂದು ಪದ್ಧತಿ ಅಲ್ಲೇನ್ರಿ?" ಎಂದು ಯಾರೋ ಕೇಳಿದರು.

"ಈ ಸಲ ಹಿಂಗ," ಎಂದರು ದೇಸಾಯರು.

ಅಜ್ಜ ಮಣೆಯ ಹಿಂದೆ ಹೋಗಿ ಅದನ್ನು ಎರಡೂ ಕೈಯಿಂದ ಹಿಡಿದರು. ಹಿಂದಕ್ಕೆ ಎಳೆದರು. ಇನ್ನು ಕೈ ಬಿಟ್ಟರೆ ಕೂಸು ನೇರ ಹೊಳೆಯ ಮೇಲೆ.

"ತಮ್ಮಾ," ಎಂದರು ಅಜ್ಜ. "ಬಿಡಲೇನು?"

ನಿಜಗುಣ ಒಂದು ಹೆಜ್ಜೆ ಮುಂದೆ ಇಟ್ಟು ನಿಂತ.

"ಬಿಡ್ರಿ ಅಜ್ಜಾ, ಬಿಡ್ರಿ!" ಎಂದು ಶಾಂಭವಿ ಕಾಲು ಕುಣಿಸಿತು. ಮೇಲೆ ಕೊಂಬೆಗೆ ಹಗ್ಗ ತಿಕ್ಕಿ ಕಿರ್ ಎಂದಿತು.

ನಿಜಗುಣ ಹಗ್ಗವನ್ನೇ ನೋಡಿದ. ಅದು ಗಟ್ಟಿಯಾಗಿರಬಹುದು. ಗಟ್ಟಿಯೇ ಇರುತ್ತದೆ. ಈಗ ಬಾಯಿ ಬಿಟ್ಟರೆ ಸುಳ್ಳು ಹೊರಗೆ ಬೀಳುತ್ತದೆ, ಕುಡುಗೋಲು ಹೋಗುತ್ತದೆ, ಹೊಳೆಯಾಚೆಯ ಊರೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಏನೂ ಆಗಲಿಕ್ಕಿಲ್ಲ.

"ಬಿಡಲೇನು?" ಅಜ್ಜ ಮತ್ತೆ ಕೇಳಿದರು.

ನಿಜಗುಣ ಬಂಡೆಗಳನ್ನು ನೋಡಿದ. ಕೂಸಿನ ಕಾಲಿನ ಗೆಜ್ಜೆ ನೋಡಿದ.

"ಬ್ಯಾಡ್ರೀ!"

ತಾನೇ ಓಡಿ ಹೋಗಿ ಕೂಸನ್ನು ಎತ್ತಿ ಇಳಿಸಿದ.

"ಏನಾತೋ?" ದೇಸಾಯರು ಗದರಿದರು.

"ನಾ ಹಗ್ಗದ ಹೊಟ್ಟಿ ನೋಡಿಲ್ರಿ. ಅಜ್ಜಾರಿಗೆ ಸುಳ್ಳು ಹೇಳೀನಿ. ಒಂದೀಟು ತಡೀರಿ, ಈಗ ಬಿಚ್ಚಿ ನೋಡ್ತೀನಿ."

"ಮುಟ್ಟಬ್ಯಾಡ!" ದೇಸಾಯರ ಮುಖ ಕೆಂಪಾಯಿತು. "ಎಲ್ಲಾರ ಮುಂದ ನನ್ನ ಹಗ್ಗಕ್ಕ ಹೆಸರಿಡ್ತೀ? ನಾನು ಕೊಟ್ಟಿದ್ದು ಕೊಳತದ್ದ ಅಂತೀ?"

"ಹಂಗಲ್ರಿ..."

"ಹಂಗ ಐತಿ! ಬಿಚ್ರೋ ಹಗ್ಗ!"

ದೇಸಾಯರ ಆಳುಗಳು ಮರ ಹತ್ತಿ ಹಗ್ಗ ಇಳಿಸಿದರು. ದೇಸಾಯರು ಅಳುವ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೇಬಿಟ್ಟರು. ಹುಣಸೆಯ ಕೊಂಬೆ ಬೋಳಾಗಿ ಉಳಿಯಿತು.

"ವರ್ಷಕ್ಕೊಮ್ಮೆ ತವರಿಗೆ ಬರ್ತೀವಿ," ಎಂದಳು ಒಬ್ಬ ಹೆಣ್ಣುಮಗಳು. "ಈ ಒಂದು ಜೋಕಾಲಿಗೆ ಅತ್ತಿ ಕಾಲು ಹಿಡದು ಬಂದೀನಿ ನಾನು."

ಜನ ಒಬ್ಬೊಬ್ಬರಾಗಿ ಮನೆಗೆ ತಿರುಗಿದರು. ನಿಜಗುಣ ಅಜ್ಜನ ಮುಂದೆ ತಲೆ ತಗ್ಗಿಸಿದ.

"ನನಗ ಕುಡುಗೋಲು ಬ್ಯಾಡ್ರಿ ಅಜ್ಜಾರ. ನಾ ನಮ್ಮೂರಿಗೆ ಹೋಗ್ತೀನಿ."

"ಹೋಗಾವಂತಿ. ದಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ," ಎಂದರು ಅಜ್ಜ. ಕಟ್ಟೆಯ ಮೇಲಿದ್ದ ಖಾಲಿ ಬುಟ್ಟಿಯನ್ನು ಕಾಲಿನಿಂದ ಅವನ ಕಡೆ ಸರಿಸಿದರು. "ಹೊತ್ತು ಮುಣಗಾಕ ಇನ್ನೂ ವ್ಯಾಳ್ಯಾ ಐತಿ."

ನಿಜಗುಣ ಬುಟ್ಟಿ ಎತ್ತಿಕೊಂಡ. ಮೊದಲ ಮನೆ ಈಗಲೂ ಕಾಳವ್ವನದೇ.

"ನಾರು ಕೊಡ್ರಿ ಎವ್ವಾ."

"ಕಲ್ಲು?"

"ಆರಿಸ್ತೀನ್ರಿ."

"ಮೊದಲು ಆರಿಸು."

ಅವನು ಓಡಿ ಬಂದು ಹುಣಸೆಯ ಕೆಳಗೆ ಮಂಡಿಯೂರಿ ಕಲ್ಲು ಆರಿಸಿದ. ಕಾಳವ್ವ ಹಿಂದೆಯೇ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಒಂದು ಉಳಿದಿದ್ದರೆ ಕಾಲಿನಿಂದ ತೋರಿಸಿದಳು. ಆಮೇಲೆ ಸೆರಗಿನೊಳಗಿಂದ ನಾರು ತೆಗೆದು ಬುಟ್ಟಿಗೆ ಹಾಕಿದಳು. ಮನೆಯಿಂದ ಹೊರಡುವಾಗಲೇ ಅದನ್ನು ತಂದಿದ್ದಳು, ಗಟ್ಟಿಗಿತ್ತಿ.

ಮುಂದಿನ ಮನೆಯಲ್ಲಿ ಬೈದರು, ಕೊಟ್ಟರು. ಅದರ ಮುಂದಿನ ಮನೆಯಲ್ಲಿ ಸುಳ್ಳು ಹೇಳಿದವನು ಬಂದ ಎಂದು ನಕ್ಕರು, ಆಮೇಲೆ ಅಟ್ಟ ಹತ್ತಿ ನಾರು ಇಳಿಸಿದರು. ದನ ನುಗ್ಗುವ ಸಂದು ಎಲ್ಲಿದೆ ಎಂದು ಒಬ್ಬಳು ಕೈಹಿಡಿದು ಕರೆದೊಯ್ದು ತೋರಿಸಿದಳು. ನಿಜಗುಣ ಎಲ್ಲರ ಮಾತೂ ಕೇಳಿದ. ಮುಂಜಾನೆ ಊರ ಮುಂದೆ ಸುಳ್ಳು ಒಪ್ಪಿಕೊಂಡವನಿಗೆ ಇನ್ನು ಕಳೆದುಕೊಳ್ಳುವ ಮಾನ ಎಲ್ಲಿಂದ ಬರಬೇಕು? ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಬುಟ್ಟಿ ತುಂಬಿತು, ಮತ್ತೊಂದು ಬುಟ್ಟಿ ಬಂತು.

ನಾರು ಕೊಟ್ಟವರು ಮನೆಯಲ್ಲಿ ಕೂರಲಿಲ್ಲ. ತಮ್ಮ ಹಿಡಿಯ ಹಿಂದೆಯೇ ತೋಪಿಗೆ ಬಂದರು. ಗಂಡಸರು ಹುರಿ ಹೊಸೆಯಲು ಕೂತರು. ಮುದುಕಿಯರು ನಾರನ್ನು ಹರವಿ, ಎಳೆದು, ಮೂಸಿ ನೋಡಿದರು.

"ಇದ ಯಾರದು? ಮುಗ್ಗ ಹಿಡದೈತಿ. ತಗೀರಿ ಆಚೆ."

"ನಮ್ಮದು. ತಡಿ, ಬ್ಯಾರೇ ತರ್ತೀನಿ. ನನ್ನ ಮಗಳೂ ಇದರ ಮ್ಯಾಲೇ ಕುಂದ್ರಾಕಿ."

ಕೆಲವು ನಾರು ಬಿಳಿ, ಕೆಲವು ಕಂದು. ಹಗ್ಗ ಒರಟಾಗಿ, ಪಟ್ಟೆಪಟ್ಟೆಯಾಗಿ ಬೆಳೆಯಿತು. ನೋಡಲು ಚೆಂದವಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅದು ಹುಣಸೆಯ ಕೊಂಬೆಗೆ ಏರಿತು. ಮಕ್ಕಳಿಂದ ಹಿಡಿದು ಪೈಲ್ವಾನರವರೆಗೆ ಎಲ್ಲರೂ ಒಮ್ಮೊಮ್ಮೆ ಜೋತುಬಿದ್ದು ನೋಡಿದರು.

ಆಗ ದಾರಿಯಲ್ಲಿ ದೇಸಾಯರು ಕಾಣಿಸಿದರು. ಶಾಂಭವಿ ಅವರ ಬೆರಳು ಹಿಡಿದಿತ್ತು. ಜನ ದಾರಿ ಬಿಟ್ಟರು.

ದೇಸಾಯರು ನೇರ ನಿಜಗುಣನ ಮುಂದೆ ಬಂದು ಮುಷ್ಟಿ ಚಾಚಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಮುಷ್ಟಿ ಬಿಚ್ಚಿತು. ಒಳಗೆ ಒಂದು ಹಿಡಿ ನಾರು, ಹೊಂಬಣ್ಣದ್ದು.

"ನನ್ನ ಹಗ್ಗದ ಒಳಗಿಂದು," ಎಂದರು ದೇಸಾಯರು. "ಮುಂಜಾನಿಂದ ನನ್ನ ಬಾಯಿಗೆ ಒಂದು ತುತ್ತು ಇಳೀಲಿಲ್ಲ. ಕೂಸಿನ ಮಾರಿ ನೋಡಿದ್ರ ಎದಿ ಝಲ್ಲ ಅಂತಿತ್ತು. ಕಡೀಕ ಕುಂತು ಬಿಚ್ಚಿದೆ. ಈ ತುದಿಯಿಂದ ಆ ತುದಿತನಕ ಬಿಚ್ಚಿ ನೋಡೀನಿ." ಅವರ ದನಿ ಏರಿತು. "ಎಲ್ಲೂ ಕೆಟ್ಟಿಲ್ಲ! ಮೂಸು ಬೇಕಾರ! ಕಲ್ಲಿನಂಥಾ ಹಗ್ಗ!"

ನಿಜಗುಣ ಮೂಸಿದ. ಒಳ್ಳೆಯ ನಾರು. ಹುಲ್ಲಿನ ವಾಸನೆ.

ಅವನ ಕಣ್ಣು ತುಂಬಿ ಬಂತು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ದೊಡ್ಡವರ ಮನಸ್ಸು ನೋಯಿಸಿದ್ದಾಯಿತು, ಹಬ್ಬದ ದಿನ ಊರನ್ನೆಲ್ಲ ದುಡಿಸಿದ್ದಾಯಿತು.

ಅವನು ಅಜ್ಜನ ಕಡೆ ತಿರುಗಿದ.

"ಹಗ್ಗ ಗಟ್ಟಿನ ಇತ್ತಲ್ರಿ ಅಜ್ಜಾರ."

ಅಜ್ಜ ದೇಸಾಯರ ಕೈಯಿಂದ ಆ ಹಿಡಿ ನಾರು ತೆಗೆದುಕೊಂಡರು. ಹೊಸ ಹಗ್ಗದ ಗಂಟಿಗೆ ಅದನ್ನು ಸುತ್ತಿ ಬಿಗಿದರು. ಸೊಂಟದಿಂದ ಕುಡುಗೋಲು ತೆಗೆದು ಉಳಿದ ತುದಿ ಕೊಯ್ದರು. ಕುಡುಗೋಲನ್ನು ಮತ್ತೆ ಸೊಂಟಕ್ಕೆ ಸಿಗಿಸಲಿಲ್ಲ, ನಿಜಗುಣನ ಖಾಲಿ ಬುಟ್ಟಿಯಲ್ಲಿ ಇಟ್ಟರು.

ಆಮೇಲೆ ಮಣೆಯನ್ನು ಹಿಡಿದು ನಿಂತರು.

"ಗಟ್ಟಿ ಇತ್ತು, ತಮ್ಮಾ. ಆದ್ರ ಮುಂಜಾನೆ ಅದು ಯಾರಿಗೂ ಗೊತ್ತಿರಲಿಲ್ಲ. ಹತ್ತು."