ಲಕಾರದ ಎಲೆಯ ಜೋಗುಳ

ಕಂಪ್ಯೂಟರಿನ ಹೊಟ್ಟೆಯೊಳಗೆ ಕಡತಗಳ ಮರವೊಂದಿತ್ತು. ಬೇರು ಮೇಲೆ, ಎಲೆ ಕೆಳಗೆ. ಅದರ ಒಂದು ಎಲೆಯಲ್ಲಿ ಅಜ್ಜಿಯೊಬ್ಬಳು ಹಾಡಿಟ್ಟ ಜೋಗುಳ ಮಲಗಿತ್ತು. ಹೆಸರು ಬರೆದವರ ಕೈ ತಪ್ಪಿ ಅದು ‘ಜೋಗುಲ’ ಆಗಿಬಿಟ್ಟಿತ್ತು.

ಹೊರಗೆ ಮನೆಯಲ್ಲಿ ಕೂಸು ಅತ್ತಾಗಲೆಲ್ಲ ಮನೆಯವರು ‘ಜೋಗುಳ’ ಬೇಕೆಂದು ಕೇಳುತ್ತಿದ್ದರು; ಆಗ ಹೆಸರು ಹಿಡಿದು ಹುಡುಕುವ ಇರುವೆ ಓಡಿ ಬರುತ್ತಿತ್ತು. ಕವಲು ಕವಲಿನಲ್ಲೂ ಅಕ್ಷರ ನೋಡಿ, ಲಕಾರದ ಕೊಂಬೆ ಬಿಟ್ಟು ಳಕಾರದ ಕೊಂಬೆ ಹಿಡಿದು, ಪಕ್ಕದ ಎಲೆಗೆ ಇಳಿದು, “ಇಲ್ಲಿಲ್ಲ” ಎಂದು ಹಿಂದಿರುಗುತ್ತಿತ್ತು.

“ಇರುವೆಯಣ್ಣಾ, ನೀನು ಹುಡುಕುತ್ತಿರುವುದು ನನ್ನನ್ನೇ!” ಎಂದು ಜೋಗುಳ ಒಂದು ದಿನ ಕೂಗಿತು.

“ನಿನ್ನ ಹೆಸರು?”

“ಜೋಗುಲ.”

“ನನಗೆ ಹೇಳಿರುವುದು ಜೋಗುಳ.”

“ಹಾಡಿ ತೋರಿಸಲೇ?”

“ನಾನು ಹೆಸರು ಓದಬಲ್ಲೆ, ಹಾಡು ನನಗೆ ತಿಳಿಯದು” ಎಂದು ಇರುವೆ ಓಡಿತು.

ಕಾದು ಕಾದು ಜೋಗುಳ ಸೊರಗಿತು. ಕೊನೆಗೊಮ್ಮೆ ಎಲೆಯಿಂದ ಎಲೆಗೆ ತೆವಳುತ್ತ ಬಸವನಹುಳು ಬಂತು.

“ನೀನು ಯಾರನ್ನು ಹುಡುಕುತ್ತಿದ್ದೀ?” ಎಂದು ಜೋಗುಳ ಕೇಳಿತು.

“ಯಾರನ್ನೂ ಹುಡುಕುತ್ತಿಲ್ಲ. ಅದಕ್ಕೇ ಎಲ್ಲರ ಬಳಿಗೂ ಬರುತ್ತೇನೆ. ಹಾಡು, ಕೇಳೋಣ.”

ಹಾಡು ಮುಗಿದಾಗ ಹುಳು ಅದನ್ನು ಬೆನ್ನಿಗೇರಿಸಿಕೊಂಡು ನಿಧಾನವಾಗಿ ಮೇಲಕ್ಕೆ, ಮನೆಯ ಕಡೆಗೆ ಹೊರಟಿತು.

“ಅಷ್ಟರಲ್ಲಿ ಕೂಸು ಬೆಳೆದುಬಿಟ್ಟರೆ?”

“ಬೆಳೆದಾಯಿತು” ಎಂದಿತು ಹುಳು. “ಈಗ ಅಳುತ್ತಿರುವುದು ಅದರ ಕೂಸು.”