ಏಳು ದಿನ ಇಟ್ಟುಕೋ

ಹೊಳೆಯ ಆಚೆ ಹತ್ತೆಂಟು ಹಳ್ಳಿ, ಈಚೆ ಅಡವಯ್ಯಜ್ಜರ ಆಶ್ರಮ. ನಡುವೆ ಸೇತುವೆಯಿಲ್ಲ. ಬೇಸಿಗೆಯಲ್ಲಿ ನೀರಿಗಿಳಿದು ನಡೆದೇ ದಾಟಬೇಕು. ಎಲ್ಲಿ ಮೊಣಕಾಲುದ್ದ ನೀರು, ಎಲ್ಲಿ ಆಳುದ್ದ ನೀರು ಎಂಬುದು ಮರಳಿನ ಮರ್ಜಿ.

ಶಿಷ್ಯ ಕರಿಸಿದ್ದ ದಿನಾ ಬೆಳಿಗ್ಗೆ ಬಿದಿರು ಕೋಲು ಹಿಡಿದು ಹೊಳೆಗಿಳಿಯುತ್ತಿದ್ದ. ಆಳ ನೋಡಿ, ದಾಟುವ ದಾರಿಯ ನಕ್ಷೆ ಬರೆದು ಆಶ್ರಮದ ವೆಬ್ ಪುಟಕ್ಕೆ ಹಾಕುತ್ತಿದ್ದ. ಆಚೆ ದಂಡೆಯ ಜನ ಫೋನಿನಲ್ಲಿ ಆ ಪುಟ ತೆರೆದು, ನಕ್ಷೆ ನೋಡಿಕೊಂಡು ಬರುತ್ತಿದ್ದರು. ಪುಟ ಮಾಡಿದವನು ತಾನು ಎಂಬ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು. ಇರಲಿ ಬಿಡಿ, ಕಳ್ಳತನದ ಹೆಮ್ಮೆಯೇನಲ್ಲವಲ್ಲ.

ಒಮ್ಮೆ ಮೇಲೆಲ್ಲೋ ಮಳೆಯಾಯಿತು. ಬೆಳಿಗ್ಗೆ ನೋಡಿದರೆ, ನಿನ್ನೆ ದಾರಿಯಿದ್ದ ಕಡೆ ಮಡು ಬಿದ್ದಿತ್ತು. ಕರಿಸಿದ್ದ ಕೋಲು ಇಳಿಸಿದ. ಕೋಲು ಪೂರ್ತಿ ಮುಳುಗಿತು. ಅವನು ಬೇರೆ ದಾರಿ ಹುಡುಕಿ, ಹೊಸ ನಕ್ಷೆ ಹಾಕಿ, ಅಜ್ಜರ ಪಕ್ಕ ದಂಡೆಯ ಮೇಲೆ ಬಂದು ಕುಳಿತ.

ಆಗ ಆಚೆಯಿಂದ ಕಾಶವ್ವ ನೀರಿಗಿಳಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಣ್ಣು ಕಾಣದ ಗಂಡ ದುಂಡಪ್ಪನ ಕೈ. ಅವಳು ನೆಟ್ಟಗೆ ಮಡುವಿನ ಕಡೆಗೇ ಬರುತ್ತಿದ್ದಳು.

“ಯವ್ವಾ, ಹಿಂದ ಸರಿ! ಅಲ್ಲಿ ಮಡು ಐತಿ!” ಕರಿಸಿದ್ದ ಕೂಗಿದ.

ಹೊಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕಣ್ಣು ಫೋನಿನ ಮೇಲೇ ಇತ್ತು.

ಕರಿಸಿದ್ದ ತಿರುಗಿ ನೋಡುವಷ್ಟರಲ್ಲಿ ಅಜ್ಜರು ಪಕ್ಕದಲ್ಲಿರಲಿಲ್ಲ. ಎಪ್ಪತ್ತು ದಾಟಿದ ಜೀವ ಉಟ್ಟ ಬಟ್ಟೆಯಲ್ಲೇ ಮಡುವಿನಲ್ಲಿ ಈಜುತ್ತಿತ್ತು. ಕರಿಸಿದ್ದನೂ ಧುಮುಕಿದ. ಕಾಶವ್ವನ ಕಾಲು ಜಾರಿತು, ಅವಳ ಹಿಂದೆಯೇ ದುಂಡಪ್ಪ ಮುಳುಗಿದ. ಅಜ್ಜರು ದುಂಡಪ್ಪನ ರಟ್ಟೆ ಹಿಡಿದರು, ಕರಿಸಿದ್ದ ಕಾಶವ್ವನನ್ನು ಎಳೆದ. ಅಂತೂ ನಾಲ್ವರೂ ದಂಡೆ ಸೇರಿದರು. ಅಷ್ಟಾದರೂ ಕಾಶವ್ವ ಫೋನು ಹಿಡಿದ ಕೈಯನ್ನು ನೀರಿಗೆ ಇಳಿಸಿರಲಿಲ್ಲ.

ಉಸಿರು ಬಂದ ಮೇಲೆ ಕರಿಸಿದ್ದನಿಗೆ ಸಿಟ್ಟು ಬಂತು.

“ಪುಟ ನೋಡಿ ಬರಬಾರದೇನ ಯವ್ವಾ?”

“ನೋಡೇ ಬಂದೀನೋ ನಮ್ಮಪ್ಪಾ,” ಎಂದು ಕಾಶವ್ವ ಫೋನು ಚಾಚಿದಳು.

ಅಜ್ಜರು ಅದನ್ನು ಇಸಿದುಕೊಂಡರು. ಕರಿಸಿದ್ದನ ಫೋನನ್ನೂ ಕೇಳಿ ತರಿಸಿ, ಎರಡನ್ನೂ ಮರಳಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ಪುಟ, ಒಂದೇ ವಿಳಾಸ. ಒಂದರಲ್ಲಿ ಇವತ್ತಿನ ದಾರಿ, ಇನ್ನೊಂದರಲ್ಲಿ ನಿನ್ನೆಯದು.

“ಇದೇನೋ ಪವಾಡ!” ಅಜ್ಜರು ನಿಜಕ್ಕೂ ಬೆರಗಾಗಿದ್ದರು.

“ಪವಾಡ ಅಲ್ರಿ ಅಜ್ಜಾರ. ಫೋನು ಒಮ್ಮೆ ನೋಡಿದ ಪುಟಾನ ತನ್ನ ಕಡೆ ಎತ್ತಿಟ್ಕೊಂತೈತ್ರಿ. ಮತ್ತ ತೆರೆದ್ರ ಇಲ್ಲಿಗೆ ಬಂದು ಕೇಳೂದಿಲ್ಲ. ಎತ್ತಿಟ್ಟಿದ್ದನ್ನ ತೋರಸ್ತೈತಿ.”

“ಎಷ್ಟು ದಿನ ಇಟ್ಕೊಂತೈತಿ?”

ಕರಿಸಿದ್ದನ ದನಿ ತಗ್ಗಿತು. “ಏಳು ದಿನ ಇಟ್ಕೋ ಅಂತ ನಾನ ಹೇಳೀನ್ರಿ. ಆಚಿ ದಂಡ್ಯಾಗ ಸಿಗ್ನಲ್ ಸರಿ ಸಿಗೂದಿಲ್ಲ. ಪುಟ ಲಗೂನ ತೆರೀಲಿ, ಮಂದಿ ಬಿಸಿಲಾಗ ಕಾಯಬಾರದು ಅಂತ…”

“ಒಳ್ಳೇದಕ್ಕ ಹೇಳಿದಿ.”

“ಹೂನ್ರಿ.”

ಅಜ್ಜರು ದುಂಡಪ್ಪನ ಕಡೆ ನೋಡಿದರು. ಅವನು ನಡುಗುತ್ತಿದ್ದ, ಆದರೂ ಹೆಂಡತಿಯ ಕೈ ಬಿಟ್ಟಿರಲಿಲ್ಲ.

“ಅಂವ ಆಕಿನ್ನ ನಂಬಿದ. ಆಕಿ ನಿನ್ನ ನಂಬಿದ್ಲು. ಏಳು ದಿನ ಅಂದಿಯಲ್ಲ, ನೀ ಯಾರನ್ನ ನಂಬಿದಿ?”

ಕರಿಸಿದ್ದ ತನ್ನ ಫೋನು ಎತ್ತಿಕೊಂಡ. ಅಲ್ಲೇ ಕುಳಿತು ಪುಟದ ಕಟ್ಟಳೆ ಬದಲಿಸಿದ. ಇನ್ನು ಯಾವ ಫೋನೂ ಅದನ್ನು ಎತ್ತಿಟ್ಟುಕೊಳ್ಳುವಂತಿಲ್ಲ, ತೆರೆದಾಗಲೆಲ್ಲ ಬಂದು ಕೇಳಿಯೇ ತೋರಿಸಬೇಕು.

“ಸರಿ ಮಾಡಿದೆ ಅಜ್ಜಾರ. ಇನ್ನ ಹಿಂಗಾಗೂದಿಲ್ರಿ.”

“ಈಗಾಗಲೇ ಎತ್ತಿಟ್ಕೊಂಡ ಫೋನು?”

ಕರಿಸಿದ್ದ ಕಾಶವ್ವನ ಫೋನಿನ ಕಡೆ ನೋಡಿದ. “ಅವು ಕೇಳಾಕ ಬರೂದ ಇಲ್ರಿ. ಬಂದ್ರ ಅಲ್ಲೇನ್ರಿ ನಾ ಹೊಸಾದು ಹೇಳೂದು? ಏಳು ದಿನ ಆಗೂತನಕ ಅವು ನನ್ನ ಮಾತು ಕೇಳೂದಿಲ್ಲ.”

“ಎಷ್ಟು ಮಂದಿ ಫೋನಿನ್ಯಾಗ ಐತಿ?”

“ಗೊತ್ತಿಲ್ರಿ. ಯಾವ ಊರವರೋ ಏನೋ. ಕೋಲಿಗೆ ಕೆಂಪು ಬಟ್ಟಿ ಕಟ್ಟಿ ನಡ್ತೀನ್ರಿ.”

“ಆ ಸೆಳವಿನ್ಯಾಗ ಕೋಲು ನಿಂದರತೈತೇನು? ಫೋನು ನೋಡ್ಕೋತ ಬರಾಂವ ಬಟ್ಟಿ ನೋಡ್ತಾನೇನು?”

“ಹಂಗಾದ್ರ ನಾ ಏನ್ ಮಾಡ್ಲಿ?”

ಅಜ್ಜರು ಒದ್ದೆ ಬಟ್ಟೆಯಲ್ಲೇ ಎದ್ದು, ಹೊಸ ದಾರಿ ಹಿಡಿದು ಹೊಳೆಯೊಳಗೆ ನಡೆದರು. ಮಡುವನ್ನು ಬಳಸಿ ಅದರ ಆಚೆ ಅಂಚಿಗೆ ಹೋಗಿ, ಹಳ್ಳಿಗಳ ಕಡೆ ಮುಖ ಮಾಡಿ ನಿಂತರು. ಸೊಂಟಮಟ್ಟ ನೀರು.

ಕರಿಸಿದ್ದ ಬಿದ್ದು ಎದ್ದು ಓಡಿದ. “ನೀವು ಬ್ಯಾಡ್ರಿ ಅಜ್ಜಾರ. ನಾ ನಿಂದರತೀನಿ.”

ಅಜ್ಜರು ಸರಿದು ಜಾಗ ಕೊಟ್ಟರು.

ಅಂದಿನಿಂದ ಹೊತ್ತು ಹುಟ್ಟಿದಾಗಿಂದ ಹೊತ್ತು ಮುಳುಗುವವರೆಗೆ ಕರಿಸಿದ್ದ ಅಲ್ಲೇ. ಮೊದಲ ದಿನ ಹನ್ನೊಂದು ಜನ ನಿನ್ನೆಯ ನಕ್ಷೆ ಹಿಡಿದು ಬಂದರು. ಒಬ್ಬೊಬ್ಬರನ್ನೇ ಕೈಹಿಡಿದು ಹೊಸ ದಾರಿಯಲ್ಲಿ ದಾಟಿಸಿದ.

ಒಬ್ಬರು ನಿವೃತ್ತ ಮಾಸ್ತರರು ಮಾತ್ರ ಒಪ್ಪಲಿಲ್ಲ.

“ನೀ ಯಾವಾಂವಪಾ? ದಾರಿ ಇಲ್ಲೇ ಐತಿ ಅಂತ ಆಶ್ರಮದ ಪುಟಾನ ಹೇಳಾಕತ್ತೈತಿ.”

“ಆ ಪುಟ ಬರದಾಂವ ನಾನ ರೀ ಸರ.”

“ಹಂಗಾದ್ರ ನಿನ್ನ ಮಾತು ಕೇಳ್ಲೋ, ನೀ ಬರದಿದ್ದು ಕೇಳ್ಲೋ?” ಎಂದು ಬೈಯುತ್ತಲೇ ಕೈ ಕೊಟ್ಟರು. ಕರಿಸಿದ್ದನಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು.

ನಾಲ್ಕನೆಯ ದಿನ ಬಂದವರು ಕಡಿಮೆ. ಸುಮ್ಮನೆ ನಿಂತವನಿಗೆ ಅಂಗಾಲಿನ ಕೆಳಗೆ ಏನೋ ಹರಿದಾಡಿದಂತಾಯಿತು. ಮರಳು ಕಾಳುಕಾಳಾಗಿ ಜಾರುತ್ತಿತ್ತು. ಬೆಳಿಗ್ಗೆ ಗಟ್ಟಿಯಿದ್ದ ಅಂಚು ಮಧ್ಯಾಹ್ನಕ್ಕೆ ಒಂದು ಗೇಣು ಹಿಂದೆ ಸರಿದಿತ್ತು. ಇಷ್ಟು ವರ್ಷ ದಿನಕ್ಕೊಂದು ಸಲ ಅಳೆದು, ಅಳೆದದ್ದೇ ಹೊಳೆ ಎಂದುಕೊಂಡಿದ್ದನಲ್ಲ! ಅವನ ಮೈ ಜುಮ್ಮೆಂದಿತು. ಯಾರಿಗೆ ಎಂದು ಗೊತ್ತಿಲ್ಲದೆ ಕೈ ಮುಗಿದ.

ಸಂಜೆ ಊಟಕ್ಕೆ ಕೂತಾಗ ಹೇಳಿದ, “ಅಜ್ಜಾರ, ಹೊಳಿಯ ತಳಾನೂ ನಡೀತೈತ್ರಿ. ಕಾಲಿಗೆ ತಿಳೀತು. ಹೆದರಿಕಿ ಬಂತು, ಸಂತೋಷಾನೂ ಆತು.”

“ಹೂಂ,” ಎಂದು ಅಜ್ಜರು ರೊಟ್ಟಿ ಮುರಿದರು.

ಏಳನೆಯ ದಿನ ಒಬ್ಬರೂ ಬರಲಿಲ್ಲ. ಮುಂಜಾನೆ ಹೋಗಿ ನಿಂತವನು ನಿಂತೇ ಇದ್ದ. ಹೊತ್ತು ಇಳಿಯಿತು, ನೀರೆಲ್ಲ ಕುಂಕುಮ ಕದಡಿದ ಹಾಗೆ ಕೆಂಪಾಯಿತು. ಅಜ್ಜರು ಮೊಣಕಾಲುದ್ದ ನೀರಿನವರೆಗೆ ಬಂದು ಕಾಯುತ್ತಿದ್ದರು.

“ಅಜ್ಜಾರ, ಏಳು ದಿನ ಮುಗೀತ್ರಿ!” ಕರಿಸಿದ್ದ ಕೂಗಿದ. “ಎಲ್ಲಾ ಫೋನೂ ಮರತಾವ. ಇನ್ನ ಹಳೇ ದಾರಿ ನಂಬಾವರು ಯಾರೂ ಉಳಿದಿಲ್ರಿ. ಬರಲೇನ್ರಿ?”

ಕೇಳುತ್ತಲೇ ಹೆಜ್ಜೆ ಎತ್ತಿದ.

“ನಿಂದ್ರು!”

ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು.

“ಎತ್ತ ಹೊಂಟಿ?”

“ಮುಂಜಾನೆ ಬಂದ ದಾರೀಲೆ ರೀ.”

“ಮುಂಜಾನಿಂದ ನೀ ನಿಂತಿದ್ದಿ, ತಮ್ಮಾ. ಹೊಳಿ ಹರೀತಿತ್ತು.”